ಹವಳಕ್ಕೆ ಮೂರು ವೋಲ್ಟ್

2020ರ ಜನವರಿಯಲ್ಲಿ ಗುಜರಾತಿನ ಮಿಠಾಪುರದ ಕರೆಯಿಂದ ಸುಮಾರು ಒಂದು ನಾಟಿಕಲ್ ಮೈಲಿ ಆಚೆ, ಕಛ್ ಕೊಲ್ಲಿಯ ತಳಕ್ಕೆ ಒಂದು ಕಬ್ಬಿಣದ ಚೌಕಟ್ಟನ್ನು ಇಳಿಸಲಾಯಿತು. ಇಳಿಸಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಮತ್ತು ಗುಜರಾತ್ ಅರಣ್ಯ ಇಲಾಖೆಯವರು. ಆ ಕೊಲ್ಲಿಯಲ್ಲಿ ಭರತ ಇಳಿತದ ಅಂತರ ತುಂಬಾ ದೊಡ್ಡದು. ನೀರು ಪೂರ್ತಿ ಇಳಿದಾಗ ಚೌಕಟ್ಟಿನ ಮೇಲೆ ನಾಲ್ಕು ಮೀಟರ್ ಆಳ, ಏರಿದಾಗ ಎಂಟು ಮೀಟರ್ ಆಳ ಇರುವಂತಹ ಜಾಗವನ್ನು ಅವರು ಹುಡುಕಿ ಆರಿಸಿದ್ದರು. ನೀರಿನ ಮೇಲೆ ತೇಲುವ ಸೌರಫಲಕಗಳಿಂದ ಒಂದು ತಂತಿ ಕೆಳಗಿಳಿದು ಆ ಕಬ್ಬಿಣಕ್ಕೆ ಅತಿ ಕಡಿಮೆ ವೋಲ್ಟಿನ ನೇರ ವಿದ್ಯುತ್ತನ್ನು ಹರಿಸುತ್ತದೆ. ಒಂದು ಟಾರ್ಚಿನ ಸೆಲ್ಲುಗಳಿಂದ ಸಿಗುವಷ್ಟು ಒತ್ತಡವೇ ಇದಕ್ಕೆ ಸಾಕು. ವಿದ್ಯುತ್ತು ಹರಿದಂತೆ ಸರಳುಗಳ ಮೇಲೆ ಬಿಳಿಯ ಸುಣ್ಣದ ಪದರ ಕೂಡುತ್ತದೆ, ಅದರ ಮೇಲೆ ಕಟ್ಟಿದ ಹವಳದ ತುಂಡುಗಳು ಬೇರೂರಿ ಬೆಳೆಯುತ್ತವೆ ಎಂಬುದು ನಿರೀಕ್ಷೆ. ಪ್ರಪಂಚದ ಹಲವು ಉಷ್ಣವಲಯದ ಕಡಲುಗಳಲ್ಲಿ ಮೂರು ದಶಕಗಳಿಂದ ನಡೆದಿರುವ ಈ ಪ್ರಯೋಗಕ್ಕೆ ‘ಬಯೋರಾಕ್’ ಎಂದು ಹೆಸರು. ಭಾರತದಲ್ಲಿ ಇದನ್ನು ಮೊದಲು ಕೈಗೆತ್ತಿಕೊಂಡದ್ದು ಮಿಠಾಪುರದಲ್ಲಿ.

ಕಡಲಿಗೂ ದೆಹಲಿಯ ಆರ್.ಕೆ.ಪುರಂಗೂ ಸಾವಿರ ಕಿಲೋಮೀಟರಿನಷ್ಟು ದೂರ. ದೆಹಲಿ ಕರ್ನಾಟಕ ಸಂಘದ ಕಟ್ಟಡ ಇರುವುದರಿಂದ ಕನ್ನಡಿಗರಿಗೆ ಈ ಬಡಾವಣೆ ಚೆನ್ನಾಗಿ ಗೊತ್ತು. ಇದೇ ಬಡಾವಣೆಯ ಒಂದನೇ ಸೆಕ್ಟರಿನಲ್ಲಿ ಸೇವಾ ಭವನವಿದೆ. ಅಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಕೆಲಸ ಮಾಡುತ್ತದೆ. ದೇಶದಲ್ಲಿ ಯಾವ ಮೂಲದಿಂದ ಎಷ್ಟು ವಿದ್ಯುತ್ತು ಹುಟ್ಟುತ್ತಿದೆ, ಮುಂದಿನ ಹತ್ತು ವರ್ಷಗಳಲ್ಲಿ ಎಷ್ಟು ಬೇಕಾದೀತು, ಪ್ರತಿ ಯೂನಿಟ್ಟಿಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತಿದೆ ಎಂಬ ಅಧಿಕೃತ ಲೆಕ್ಕ ಹೊರಬರುವುದು ಆ ಕಟ್ಟಡದಿಂದ. ಹವಳವನ್ನು ಉಳಿಸುವ ವಿದ್ಯುತ್ತಿನ ಮಾತು ಎತ್ತಿದವರು ಈ ಎರಡು ಜಾಗಗಳನ್ನು ಒಟ್ಟಿಗೆ ನೋಡಬೇಕು ಎಂಬುದು ನನ್ನ ವಾದ. ಮಿಠಾಪುರದ ತಂತಿಯಲ್ಲಿ ಹರಿಯುವ ವಿದ್ಯುತ್ತು ಕೆಲವು ನೂರು ಹವಳದ ತುಂಡುಗಳಿಗೆ ಆಸರೆಯಾಗಬಲ್ಲದು, ಆ ಕೆಲಸ ನಡೆಯಲೇಬೇಕು. ಆದರೆ ಆ ತುಂಡುಗಳು ಇಪ್ಪತ್ತು ವರ್ಷದ ನಂತರ ಜೀವಂತ ಇರುತ್ತವೆಯೇ ಎಂಬುದನ್ನು ತೀರ್ಮಾನಿಸುವುದು ಸೇವಾ ಭವನದ ಲೆಕ್ಕಪುಸ್ತಕದಲ್ಲಿರುವ ವಿದ್ಯುತ್ತು.

ಈ ವಿಧಾನದ ಹಿಂದಿನ ರಸಾಯನಶಾಸ್ತ್ರ ಕಷ್ಟದ್ದೇನಲ್ಲ. ಕೊಳವೆಬಾವಿಯ ಗಡಸು ನೀರು ಕಾಯಿಸುವ ಹೀಟರ್ ರಾಡಿನ ಮೇಲೆ ಕೆಲವೇ ತಿಂಗಳಲ್ಲಿ ಬಿಳಿಯ ಸುಣ್ಣ ಗಟ್ಟಿಯಾಗಿ ಕೂತಿರುವುದನ್ನು ಬೆಂಗಳೂರಿನವರೂ ದೆಹಲಿಯವರೂ ನೋಡಿಯೇ ಇರುತ್ತಾರೆ. ಅಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ. ಕಡಲ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳು ಧಾರಾಳವಾಗಿ ಕರಗಿವೆ. ಕಬ್ಬಿಣದ ಚೌಕಟ್ಟನ್ನು ಋಣಾಗ್ರವನ್ನಾಗಿ ಮಾಡಿ, ಸ್ವಲ್ಪ ದೂರದಲ್ಲಿ ಟೈಟಾನಿಯಂ ಜಾಲರಿಯನ್ನು ಧನಾಗ್ರವಾಗಿಟ್ಟು ವಿದ್ಯುತ್ತು ಹರಿಸಿದರೆ, ಕಬ್ಬಿಣದ ಮೈಮೇಲೆ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಅದಕ್ಕೆ ತಾಗಿದ ತೆಳ್ಳನೆಯ ನೀರಿನ ಪದರ ಕ್ಷಾರೀಯವಾಗುತ್ತದೆ. ಕ್ಷಾರ ಹೆಚ್ಚಿದಲ್ಲಿ ಸುಣ್ಣ ಕರಗಿರಲಾರದು. ಅದು ಅರಗೊನೈಟ್ ಎಂಬ ಹರಳಾಗಿ ಸರಳಿಗೆ ಅಂಟಿಕೊಳ್ಳುತ್ತದೆ. ಹವಳದ ಪಾಲಿಪ್‌ಗಳು ತಮ್ಮ ಅಸ್ಥಿಪಂಜರ ಕಟ್ಟಿಕೊಳ್ಳುವುದೂ ಇದೇ ಅರಗೊನೈಟ್‌ನಿಂದ. ವಿದ್ಯುತ್ತನ್ನು ಜೋರಾಗಿ ಹರಿಸಿದರೆ ಬೇಗ ಬೆಳೆದೀತು ಎಂದು ಅನ್ನಿಸಬಹುದು. ಹಾಗೆ ಮಾಡಿದರೆ ಮೆಗ್ನೀಸಿಯಂನ ಬ್ರೂಸೈಟ್ ಎಂಬ ಮೆತ್ತನೆಯ ಪದರ ಹೆಚ್ಚು ಕೂತು, ಕೈಯಿಟ್ಟರೆ ಉದುರುತ್ತದೆ. ನಿಧಾನವಾಗಿ ಕೂಡಿದ ಕಲ್ಲೇ ಗಟ್ಟಿ. ವಿದ್ಯುತ್ತು ಹರಿಯುವಷ್ಟು ಕಾಲ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ ಎಂಬುದು ಇದರ ಇನ್ನೊಂದು ಲಾಭ. ಹಡಗಿನ ತಳಕ್ಕೆ ಹೊಡೆದ ತಾಮ್ರದ ತಗಡು ಕಡಲಿನಲ್ಲಿ ಸವೆಯದಂತೆ ಸತುವಿನ, ಕಬ್ಬಿಣದ ತುಂಡುಗಳನ್ನು ಜೋಡಿಸಬಹುದೆಂದು ಹಂಫ್ರಿ ಡೇವಿ 1824ರಲ್ಲಿ ತೋರಿಸಿದ್ದೂ ಇದೇ ತತ್ವದ ಮೇಲೆ. ತಾಮ್ರವೇನೋ ಉಳಿಯಿತು. ಆದರೆ ಅದು ಕರಗಿ ವಿಷ ಸೋರುವುದು ನಿಂತದ್ದರಿಂದ ಬಾರ್ನಕಲ್ ಚಿಪ್ಪುಗಳೂ ಪಾಚಿಯೂ ಹಡಗಿನ ತಳಕ್ಕೆ ಮುತ್ತಿಕೊಂಡವು, ಬ್ರಿಟಿಷ್ ನೌಕಾಪಡೆ ಆ ಯೋಜನೆಯನ್ನು ಕೈಬಿಟ್ಟಿತು.

ನೌಕಾಪಡೆಗೆ ಬೇಡವಾದದ್ದನ್ನೇ ಬೇಕೆಂದು ಹುಡುಕಿದವನು ಜರ್ಮನಿಯಲ್ಲಿ ಹುಟ್ಟಿದ ವಾಸ್ತುಶಿಲ್ಪಿ ವುಲ್ಫ್ ಹಿಲ್ಬರ್ಟ್ಸ್. ಕಟ್ಟಡದ ಸಾಮಗ್ರಿಯನ್ನು ಗಣಿಯಿಂದ ತೆಗೆಯುವ ಬದಲು ಕಡಲಿನಲ್ಲೇ ಬೆಳೆಸಬಹುದಲ್ಲ ಎಂಬ ಯೋಚನೆಯಿಂದ ಆತ 1970ರ ದಶಕದಲ್ಲಿ ಪ್ರಯೋಗ ಆರಂಭಿಸಿದ, 1979ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ. ಹವಳದ ಜೀವಶಾಸ್ತ್ರ ಬಲ್ಲ ಥಾಮಸ್ ಗೋರೊ ಆತನ ಜೊತೆಗೂಡಿದ್ದು 1980ರ ದಶಕದ ಕೊನೆಯಲ್ಲಿ, ಜಮೈಕಾದಲ್ಲಿ. ಕಟ್ಟಡದ ಕನಸು ಹಿಂದೆ ಸರಿದು ಹವಳದ ಕೆಲಸ ಮುಂದಕ್ಕೆ ಬಂದದ್ದು ಅಲ್ಲಿಂದ. ಇಂಡೋನೇಷ್ಯಾದ ಬಾಲಿ ದ್ವೀಪದ ಪೆಮುತೆರಾನ್ ಎಂಬ ಹಳ್ಳಿಯಲ್ಲಿ 2000ದಲ್ಲಿ ಶುರುವಾದ ಕೆಲಸ ಇದರ ಅತಿ ದೊಡ್ಡ ಉದಾಹರಣೆ. ಬಾಂಬು, ಸಯನೈಡ್ ಹಾಕಿ ಮೀನು ಹಿಡಿದು ಹಾಳಾಗಿದ್ದ ಅಲ್ಲಿನ ಕಡಲಿನಲ್ಲಿ ಹತ್ತಾರು ಚೌಕಟ್ಟುಗಳ ಮೇಲೆ ಹವಳ ತುಂಬಿ ಬಂತು, ಮೀನು ಮರಳಿತು, ಪ್ರವಾಸಿಗರು ಬಂದರು. 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯೂ ಅದಕ್ಕೆ ಸಂದಿತು. 1998ರ ಕಡು ಬೇಸಿಗೆಯಲ್ಲಿ ಮಾಲ್ಡೀವ್ಸ್‌ನ ಹವಳಗಳೆಲ್ಲ ಬಿಳಿಚಿ ಸಾಯುತ್ತಿದ್ದಾಗ ವಿದ್ಯುತ್ ಚೌಕಟ್ಟುಗಳ ಮೇಲಿನ ಹವಳ ಬಹುಪಾಲು ಬದುಕಿತು ಎಂದು ಗೋರೊ ವರದಿ ಮಾಡಿದ್ದಾರೆ. ಅಸ್ಥಿಪಂಜರ ಕಟ್ಟಲು ಹವಳ ಖರ್ಚು ಮಾಡಬೇಕಾದ ಶಕ್ತಿ ಉಳಿತಾಯವಾಗುವುದರಿಂದ ಅದು ಬಿಸಿಯನ್ನು ತಡೆದುಕೊಳ್ಳುತ್ತದೆ ಎಂಬುದು ಅವರ ವಿವರಣೆ.

ಈ ಯಶಸ್ಸಿನಲ್ಲಿ ವಿದ್ಯುತ್ತಿನ ಪಾಲು ಎಷ್ಟು? ಪ್ರಶ್ನೆ ಕೇಳಿದವರನ್ನು ನಿರಾಶಾವಾದಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಇಡೀ ವಿಷಯದ ಮರ್ಮ ಇರುವುದೇ ಇಲ್ಲಿ. ಒಂದು ಚೌಕಟ್ಟು ನೆಟ್ಟಾಗ ಹಲವು ಒಳಿತುಗಳು ಒಟ್ಟಿಗೆ ಆಗುತ್ತವೆ. ಉರುಳಾಡುವ ಜಲ್ಲಿಯಿಂದ, ಮುಚ್ಚಿಕೊಳ್ಳುವ ಮರಳಿನಿಂದ ಹವಳದ ತುಂಡು ಮೇಲಕ್ಕೇರಿ ಗಟ್ಟಿಯಾಗಿ ನಿಲ್ಲುತ್ತದೆ. ಸುತ್ತ ನೀರು ಚೆನ್ನಾಗಿ ಆಡುತ್ತದೆ. ಊರಿನವರು ಬಾಂಬು ಹಾಕುವುದನ್ನು ನಿಲ್ಲಿಸಿ ಕಾವಲು ಕಾಯುತ್ತಾರೆ, ಹವಳ ತಿನ್ನುವ ಬಸವನಹುಳುಗಳನ್ನು ಹೆಕ್ಕುತ್ತಾರೆ. ಇವುಗಳಲ್ಲಿ ಯಾವುದಕ್ಕೂ ತಂತಿ ಬೇಡ. ಕಛ್ ಕೊಲ್ಲಿಯಲ್ಲೇ ಇದಕ್ಕೆ ಸಾಕ್ಷಿಯಿದೆ. ಆ ನೀರಿನಿಂದ ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿದ್ದ ಕವಲೊಡೆಯುವ ಅಕ್ರೊಪೊರಾ ಕುಲದ ಹವಳವನ್ನು ಮನ್ನಾರ್ ಕೊಲ್ಲಿಯಿಂದ ತಂದು ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯವರು 2015ರಲ್ಲಿ ಮತ್ತೆ ನೆಲೆಗೊಳಿಸಿದ್ದರು. ಬಯೋರಾಕ್ ಅಲ್ಲಿಗೆ ಬರುವುದಕ್ಕೆ ಐದು ವರ್ಷ ಮುಂಚಿನ ಮಾತು ಇದು. ಆದ್ದರಿಂದ ಸರಿಯಾದ ಪರೀಕ್ಷೆ ಎಂದರೆ ಒಂದೇ ಆಕಾರದ ಎರಡು ಚೌಕಟ್ಟು ಪಕ್ಕಪಕ್ಕದಲ್ಲಿ ನೆಟ್ಟು, ಒಂದಕ್ಕೆ ಮಾತ್ರ ವಿದ್ಯುತ್ತು ಕೊಟ್ಟು ನೋಡುವುದು. ಹಾಗೆ ನೋಡಿದ ಅಧ್ಯಯನಗಳು ಮಿಶ್ರ ಫಲ ತೋರಿಸಿವೆ. ಫಿಲಿಪ್ಪೀನ್ಸ್‌ನಲ್ಲಿ ಪೊರೈಟಿಸ್ ಹವಳದ ಮೇಲೆ ನಡೆದು 2002 ಮತ್ತು 2004ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ವಿದ್ಯುತ್ತು ಸಿಕ್ಕ ತುಂಡುಗಳು ದಪ್ಪವಾಗಿ ಬೆಳೆದವು, ವಿದ್ಯುತ್ತು ನಿಲ್ಲಿಸಿದ ಮೇಲೆ ಬೆಳವಣಿಗೆಯ ಆ ಮುನ್ನಡೆ ಉಳಿಯಲಿಲ್ಲ. ಇಂಡೋನೇಷ್ಯಾದಲ್ಲಿ ಅಕ್ರೊಪೊರಾ ಕುಲದ ಎರಡು ಜಾತಿಗಳನ್ನು ಹೋಲಿಸಿದ 2010ರ ಅಧ್ಯಯನದಲ್ಲಿ ಒಂದೇ ವಿದ್ಯುತ್ತಿಗೆ ಎರಡೂ ಬೇರೆ ಬೇರೆ ರೀತಿ ಪ್ರತಿಕ್ರಿಯಿಸಿದವು. ಎಲ್ಲ ಹವಳವೂ ಎಲ್ಲ ಕಡೆಯೂ ಹಲವು ಪಟ್ಟು ವೇಗದಲ್ಲಿ ಬೆಳೆಯುತ್ತದೆ ಎಂಬ ಪ್ರಚಾರದ ಮಾತಿಗೆ ಇವು ಆಧಾರ ಕೊಡುವುದಿಲ್ಲ. ಕೆಲವು ಜಾತಿಗಳಿಗೆ, ನೆಟ್ಟ ಮೊದಲ ಕೆಲವು ತಿಂಗಳಲ್ಲಿ, ಬುಡ ಭದ್ರವಾಗಲು ಇದು ನೆರವಾಗಬಲ್ಲದು ಎಂಬಷ್ಟು ಮಾತಿಗೆ ಆಧಾರವಿದೆ. ಅದೇನೂ ಸಣ್ಣ ಮಾತಲ್ಲ. ನೆಟ್ಟ ಹವಳ ಹೆಚ್ಚಾಗಿ ಸಾಯುವುದೇ ಮೊದಲ ತಿಂಗಳುಗಳಲ್ಲಿ.

ಈ ವಿಧಾನದ ಬಗ್ಗೆ ಕೇಳಿಬರುವ ಇನ್ನೊಂದು ಮಾತನ್ನು ನೇರವಾಗಿ ಅಲ್ಲಗಳೆಯಬೇಕು. ಕಬ್ಬಿಣದ ಮೇಲೆ ಕೂಡುವುದು ಕಾರ್ಬೊನೇಟ್ ಆದ್ದರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಲ್ಲಾಗಿ ಸೆರೆಯಾಗುತ್ತದೆ, ಕಡಲಿನ ಆಮ್ಲೀಯತೆ ಇಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಕಡಲ ನೀರಿನಲ್ಲಿ ಸುಣ್ಣ ಕಟ್ಟುವಾಗ ಎರಡು ಬೈಕಾರ್ಬೊನೇಟ್‌ಗಳಲ್ಲಿ ಒಂದು ಕಲ್ಲಾದರೆ ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ. ಋಣಾಗ್ರದ ಬಳಿ ಎಷ್ಟು ಕ್ಷಾರ ಹುಟ್ಟುತ್ತದೆಯೋ ಧನಾಗ್ರದ ಬಳಿ ಹೆಚ್ಚುಕಡಿಮೆ ಅಷ್ಟೇ ಆಮ್ಲವೂ ಕ್ಲೋರಿನ್ನೂ ಹುಟ್ಟುತ್ತವೆ. ಕಬ್ಬಿಣಕ್ಕೆ ತಾಗಿದ ಪದರದಲ್ಲಿ ಹವಳಕ್ಕೆ ಅನುಕೂಲವಾದರೂ ಕೊಲ್ಲಿಯ ನೀರಿನ ಒಟ್ಟು ಲೆಕ್ಕ ಸುಧಾರಿಸುವುದಿಲ್ಲ. ವಿದ್ಯುತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದು ನಿಲ್ಲುವುದೂ ಇಲ್ಲೇ. ಒಂದು ಯೂನಿಟ್ ವಿದ್ಯುತ್ತನ್ನು 3 ವೋಲ್ಟಿನಲ್ಲಿ ಹರಿಸಿದರೆ, ಫ್ಯಾರಡೆಯ ನಿಯಮದಂತೆ, ಕಿಂಚಿತ್ತೂ ಪೋಲಾಗದಿದ್ದರೂ ಕೂಡುವ ಸುಣ್ಣ ಹೆಚ್ಚೆಂದರೆ 1.2 ಕಿಲೋ. ಸೇವಾ ಭವನದ ಪ್ರಾಧಿಕಾರ ಪ್ರಕಟಿಸುವ ಕಾರ್ಬನ್ ದತ್ತಾಂಶದ ಪ್ರಕಾರ ನಮ್ಮ ದೇಶದ ಗ್ರಿಡ್ಡಿನಿಂದ ಬರುವ ಪ್ರತಿ ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಇದೆ. ಗ್ರಿಡ್ಡಿಗೆ ಜೋಡಿಸಿದ ಚೌಕಟ್ಟು ಒಂದು ಕಿಲೋ ಸುಣ್ಣ ಕಟ್ಟಲು ಅರ್ಧ ಕಿಲೋಗಿಂತ ಹೆಚ್ಚು ಅನಿಲವನ್ನು ಗಾಳಿಗೆ ಬಿಡಬೇಕಾಗುತ್ತದೆ, ಹವಳವನ್ನು ಕೊಲ್ಲುತ್ತಿರುವ ಅನಿಲ ಅದೇ. ಮಿಠಾಪುರದಲ್ಲಿ ಸೌರಫಲಕ ಬಳಸಿದ್ದು ಅದಕ್ಕಾಗಿಯೇ ಸರಿಯಾದ ನಿರ್ಧಾರ. ಈ ವಿಧಾನಕ್ಕೆ ಬೇರೆ ಮೂಲದ ವಿದ್ಯುತ್ತನ್ನು ಒಪ್ಪಲೇಬಾರದು.

ಹವಳವನ್ನು ಇವತ್ತು ಕೊಲ್ಲುತ್ತಿರುವುದು ಮುಖ್ಯವಾಗಿ ಬಿಸಿ. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಆ ಪಾಚಿಯೇ ಅದಕ್ಕೆ ಅನ್ನ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳ ಬಿಳಿಚುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಒಂದು ವರ್ಷದೊಳಗೆ ಪ್ರಪಂಚದ ಹವಳದ ದಿಬ್ಬಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಆ ಬಿಸಿಗೆ ಸಿಕ್ಕಿದ್ದವು. ಕನ್ನಡಿಗರಿಗೆ ಇದು ದೂರದ ಸುದ್ದಿ ಆಗಬಾರದು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅದಕ್ಕೂ ಮುಂಚೆ ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದವು. ಅಲ್ಲಿನ ಕೊಬ್ಬರಿ, ತೆಂಗಿನ ನಾರು ಮಂಗಳೂರಿನ ಹಳೆ ಬಂದರಿಗೆ ಬರುತ್ತಿತ್ತು, ಇವತ್ತಿಗೂ ದ್ವೀಪಗಳಿಗೆ ಬೇಕಾದ ಸರಕು ಆ ಬಂದರಿನಿಂದ ಹೋಗುತ್ತದೆ. ಹಾಗೆ ನಮ್ಮ ನೆರೆಯಾದ ಕಡಮತ್, ಜೊತೆಗೆ ಅಗತ್ತಿ ಮತ್ತು ಕವರತ್ತಿಗಳಲ್ಲಿ ಕಡಲ ವಿಜ್ಞಾನಿಗಳು ವರ್ಷವರ್ಷವೂ ಮುಳುಗಿ ಅಳೆದಿದ್ದಾರೆ. ತಳದಲ್ಲಿ 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ. 20ರ ಆಸುಪಾಸಿಗೆ ಇಳಿದಿತ್ತು. ನಡುವೆ 1998, 2010, 2016ರ ಮೂರು ಬಿಸಿ ಅಲೆಗಳು ಬಂದುಹೋದವು. ಪ್ರತಿ ಸಲ ಹವಳ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಪೆಟ್ಟು ಬಿತ್ತು. ಹವಳದ ಪುಡಿಯಿಂದಲೇ ಆದ ಆ ದ್ವೀಪಗಳು ಕಡಲ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದಲ್ಲಿವೆ. ಅಲೆಯನ್ನು ತಡೆಯುವುದೂ ಹವಳದ ದಿಬ್ಬ, ದ್ವೀಪದವರು ಗಾಳ ಹಾಕಿ ಹಿಡಿಯುವ ಟ್ಯೂನಾ ಮೀನಿಗೆ ಬೇಕಾದ ಜೀವಂತ ಎರೆಮೀನು ಸಿಗುವುದೂ ಹವಳದ ದಿಬ್ಬದ ಹತ್ತಿರವೇ.

ಭಾರತದಲ್ಲಿ ಒಟ್ಟು ಸುಮಾರು 2,375 ಚದರ ಕಿಲೋಮೀಟರ್ ಹವಳದ ದಿಬ್ಬಗಳಿವೆ ಎಂದು ಉಪಗ್ರಹ ನಕ್ಷೆಗಳು ಹೇಳುತ್ತವೆ. ಚೌಕಟ್ಟುಗಳ ಅಳತೆಯೋ ಚದರ ಮೀಟರುಗಳಲ್ಲಿ. ಕಡಲಿಗೆಲ್ಲ ತಂತಿ ಎಳೆಯಲಾಗದು, ಎಳೆದರೂ ಮೂರು ವೋಲ್ಟು ನೀರನ್ನು ತಣಿಸಲಾರದು. ಹಾಗಾದರೆ ಇದಕ್ಕೆ ದುಡ್ಡು ಸುರಿಯುವುದು ವ್ಯರ್ಥವಲ್ಲವೇ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ, ಮತ್ತು ಅದನ್ನು ಎತ್ತುವವರಲ್ಲಿ ಹವಳವನ್ನು ನಿಜವಾಗಿ ಪ್ರೀತಿಸುವವರೂ ಇದ್ದಾರೆ. ಚೌಕಟ್ಟಿನ ಫೋಟೊ ತೆಗೆಸಿಕೊಂಡು, ಅದರ ಹೆಸರಿನಲ್ಲಿ ಬೇರೆಡೆ ಬಂದರಿಗೆ ಹೂಳೆತ್ತಲು ಅನುಮತಿ ಕೊಟ್ಟುಬಿಡುತ್ತಾರೆ ಎಂಬ ಅವರ ಭಯಕ್ಕೆ ಕಾರಣವಿದೆ. ಆದರೂ ಇದು ವ್ಯರ್ಥ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಿಸಿಯನ್ನು ತಾಳಿಕೊಂಡು ಉಳಿದ ತಾಯಿಹವಳಗಳ ತುಂಡುಗಳನ್ನು ಸಾಕುವ ಸಸ್ಯಕ್ಷೇತ್ರದಂತಹ ಜಾಗಗಳು ನಮಗೆ ಬೇಕು. ಕಡಲು ಮುಂದೊಮ್ಮೆ ಸ್ವಲ್ಪ ತಣ್ಣಗಾದರೂ ಬಿತ್ತಲು ಬೀಜವೇ ಇಲ್ಲದ ಸ್ಥಿತಿ ಬರಬಾರದು. ಹಡಗು ತಗುಲಿ ಮುರಿದ, ಹಿಂದೆ ಸುಣ್ಣದ ಮರಳಿಗಾಗಿ ತೋಡಿ ಹಾಳಾದ ಸಣ್ಣ ಜಾಗಗಳಲ್ಲಿ ಇಂತಹ ಆಸರೆಯಿಂದ ನೇರ ಪ್ರಯೋಜನವಿದೆ. ಸುರಕ್ಷತೆಯ ಬಗ್ಗೆ ಮೀನುಗಾರರಿಗೆ ಇರಬಹುದಾದ ಭಯವನ್ನು ಪ್ರಾಮಾಣಿಕವಾಗಿ ನಿವಾರಿಸಬಹುದು. ಇಷ್ಟು ಕಡಿಮೆ ವೋಲ್ಟಿನ ನೇರ ವಿದ್ಯುತ್ತು ಮನುಷ್ಯರಿಗೆ ಶಾಕ್ ಹೊಡೆಯುವುದಿಲ್ಲ, ಧನಾಗ್ರದ ಕ್ಲೋರಿನ್ ಹರಿವ ನೀರಿನಲ್ಲಿ ಬೇಗ ತೆಳುವಾಗುತ್ತದೆ. ಶಾರ್ಕ್‌ಗಳು ಮಾತ್ರ ವಿದ್ಯುತ್ ಕ್ಷೇತ್ರವನ್ನು ಅತಿ ಸೂಕ್ಷ್ಮವಾಗಿ ಗ್ರಹಿಸುತ್ತವೆ, ಇಂತಹ ಚೌಕಟ್ಟಿನ ಬಳಿ ಇಟ್ಟ ಆಹಾರಕ್ಕೆ ಅವು ಹಿಂದೇಟು ಹಾಕಿದ್ದನ್ನು 2017ರ ಒಂದು ಅಧ್ಯಯನ ದಾಖಲಿಸಿದೆ. ಹವಳದ ದಿಬ್ಬವೆಂದರೆ ಅಲ್ಲಿಗೆ ಬಂದುಹೋಗುವ ಶಾರ್ಕ್ ಕೂಡ ಸೇರಿದ ಸಂಸಾರ, ಆದ್ದರಿಂದ ಇದನ್ನೂ ನೋಡಿಯೇ ಜಾಗ ಆರಿಸಬೇಕು. 2001ರಿಂದ ದಿಬ್ಬ ಕಟ್ಟುವ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಹುಲಿಗೆ ಇರುವಷ್ಟೇ ಕಟ್ಟುನಿಟ್ಟು ಇದಕ್ಕೂ ಉಂಟು. ಯಾರು ಬೇಕಾದರೂ ತುಂಡು ಮುರಿದು ನೆಡುವ ಕೆಲಸ ಇದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಭಾರತದ ತಲಾ ಕಾರ್ಬನ್ ಹೊರಸೂಸುವಿಕೆ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ, ಗಾಳಿಯನ್ನು ಮೊದಲು ಕೆಡಿಸಿದವು ಶ್ರೀಮಂತ ದೇಶಗಳು, ಹೀಗಿರುವಾಗ ಹವಳದ ಸಾವನ್ನು ಆರ್.ಕೆ.ಪುರಂನ ಕಚೇರಿಯ ಲೆಕ್ಕಕ್ಕೆ ಜೋಡಿಸುವುದು ನ್ಯಾಯವೇ? ಹಳೆಯ ಪಾಪದ ಹಂಚಿಕೆಯಲ್ಲಿ ಈ ಮಾತು ನೂರಕ್ಕೆ ನೂರು ನಿಜ. ಮುಂದಿನ ದಾರಿಯ ವಿಷಯದಲ್ಲಿ ಅದು ಪೂರ್ತಿ ಉತ್ತರವಲ್ಲ. 2025ರ ಜೂನ್ ಕೊನೆಗೆ ದೇಶದ ಸ್ಥಾಪಿತ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್ ಇತ್ತು, ಅದರಲ್ಲಿ ಅರ್ಧ ಕಲ್ಲಿದ್ದಲು, ಅನಿಲಗಳನ್ನು ಸುಡದ ಮೂಲಗಳದ್ದು. ದೊಡ್ಡ ಸಾಧನೆ. ಆದರೆ ಸೂರ್ಯ ಮುಳುಗಿದ ಮೇಲೂ ದೀಪ ಉರಿಯಬೇಕು. ನಿಜವಾಗಿ ಹುಟ್ಟುವ ಯೂನಿಟ್ಟುಗಳಲ್ಲಿ ಮುಕ್ಕಾಲರ ಹತ್ತಿರದ ಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದೆ. ಪ್ರಾಧಿಕಾರ 2023ರಲ್ಲಿ ಹೊರತಂದ ರಾಷ್ಟ್ರೀಯ ವಿದ್ಯುತ್ ಯೋಜನೆ 2031-32ಕ್ಕೆ ಸುಮಾರು 260 ಗಿಗಾವ್ಯಾಟ್ ಕಲ್ಲಿದ್ದಲು ಸ್ಥಾವರಗಳನ್ನೂ 365 ಗಿಗಾವ್ಯಾಟ್ ಸೌರಶಕ್ತಿಯನ್ನೂ ಅಂದಾಜಿಸಿದೆ. ಈ ಎರಡು ಸಂಖ್ಯೆಗಳ ನಡುವೆ ಎಷ್ಟು ಬ್ಯಾಟರಿ, ಎಷ್ಟು ಪಂಪ್ಡ್ ಸ್ಟೋರೇಜ್ ಬರುತ್ತದೆ ಎಂಬುದರ ಮೇಲೆ ಸಂಜೆಯ ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದು ನಿಂತಿದೆ. ಭೂಮಿಯ ಬಿಸಿ 1.5 ಡಿಗ್ರಿ ಏರಿದರೆ ಉಷ್ಣವಲಯದ ಹವಳ ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ನಾಶವಾದೀತು ಎಂದು ಅಂತರಸರ್ಕಾರಿ ಹವಾಮಾನ ಸಮಿತಿ 2018ರಲ್ಲಿ ಹೇಳಿತು. ಆ ಅರ್ಧ ಡಿಗ್ರಿಯಲ್ಲಿ ನಮ್ಮ ಪಾಲು ಎಲ್ಲರಿಗಿಂತ ದೊಡ್ಡದಲ್ಲ, ಆದರೆ ಅದು ಸೊನ್ನೆಯೂ ಅಲ್ಲ. ಮತ್ತು ನಷ್ಟ ಆಗುವುದು ಕಡಮತ್ತಿನ ಮೀನುಗಾರನಿಗೆ. ಅವನ ತಲಾ ಹೊರಸೂಸುವಿಕೆಯನ್ನು ಯಾರೂ ದೂರುವ ಹಾಗಿಲ್ಲ.

ಕರ್ನಾಟಕದ ನೀರಿನಲ್ಲಿ ಹವಳವೆಂದರೆ ಮುಖ್ಯವಾಗಿ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ ಕಡಲಿನಲ್ಲಿ ಎದ್ದುನಿಂತ ಆ ಕಲ್ಲುದ್ವೀಪದ ಸುತ್ತ ಹವಳವೂ ಅದನ್ನು ನೆಚ್ಚಿದ ಬಣ್ಣದ ಮೀನುಗಳೂ ಇವೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಜೀವಜಾತಿಗಳ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದ್ದಾರೆ. ನೌಕಾಪಡೆ ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಆ ದ್ವೀಪವನ್ನು ಬಳಸಿದ್ದು ಕರಾವಳಿಯವರಿಗೆಲ್ಲ ಗೊತ್ತು. ಈಗ ಮಳೆಗಾಲ ಮುಗಿದೊಡನೆ ಸ್ಕೂಬಾ ಡೈವಿಂಗಿಗೆ ದೋಣಿ ದೋಣಿ ತುಂಬಿ ಜನ ಹೋಗುತ್ತಾರೆ. ಮಿಠಾಪುರದ ಸುದ್ದಿ ಓದಿದ ಯಾರಾದರೂ ನೇತ್ರಾಣಿಗೂ ಒಂದು ಚೌಕಟ್ಟು ತರೋಣ ಎಂದರೆ ನನ್ನ ಉತ್ತರ, ಈಗ ಬೇಡ ಎಂದೇ. ಮುಂಗಾರಿನ ನಾಲ್ಕು ತಿಂಗಳು ಅಲ್ಲಿ ಕಡಲು ಕಲಕಿ ನೀರು ಮಸುಕಾಗಿರುತ್ತದೆ, ತೇಲುವ ಸೌರಫಲಕ ಆ ಅಲೆಗೆ ನಿಲ್ಲುವುದು ಕಷ್ಟ, ವಿದ್ಯುತ್ತು ನಿಂತ ದಿನದಿಂದಲೇ ಕಬ್ಬಿಣಕ್ಕೆ ತುಕ್ಕು ಶುರು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಅಗ್ಗದ್ದು. ದೋಣಿಗಳು ಲಂಗರನ್ನು ಹವಳದ ಮೇಲೆ ಎಸೆಯದೆ ಕಟ್ಟಿಕೊಳ್ಳಲು ಖಾಯಂ ಬೋಯಾಗಳು, ಸಿಕ್ಕಿಕೊಂಡ ಬಲೆ ತೆಗೆಯುವ ಏರ್ಪಾಡು, ತಳದಲ್ಲಿ ವರ್ಷವಿಡೀ ಉಷ್ಣತೆ ಬರೆದಿಡುವ ಸಣ್ಣ ಉಪಕರಣಗಳು, ಪ್ರತಿ ವರ್ಷ ಒಂದೇ ಜಾಗದಲ್ಲಿ ಮುಳುಗಿ ಜೀವಂತ ಹವಳ ಎಷ್ಟಿದೆ ಎಂದು ಅಳೆಯುವ ಪದ್ಧತಿ. ಮಿಠಾಪುರದಲ್ಲಿ ಚೌಕಟ್ಟು ಇಳಿದು ಹಲವು ವರ್ಷಗಳಾಗಿವೆ. ಅದರ ಮೇಲೆ ನೆಟ್ಟ ಪ್ರತಿ ಜಾತಿಯ ತುಂಡುಗಳಲ್ಲಿ ಎಷ್ಟು ಉಳಿದಿವೆ, ವಿದ್ಯುತ್ತಿಲ್ಲದ ನೆರೆಯ ಚೌಕಟ್ಟಿನಲ್ಲಿ ಎಷ್ಟು, 2024ರ ಬಿಸಿಯಲ್ಲಿ ಎರಡರ ಗತಿ ಏನಾಯಿತು ಎಂಬ ಅಂಕಿಗಳು ಗುಜರಾತಿನ ಅರಣ್ಯ ಇಲಾಖೆಯ ಕಡತಕ್ಕಷ್ಟೇ ಸೇರದೆ, ಸೇವಾ ಭವನದ ಯೂನಿಟ್ ಲೆಕ್ಕದ ಹಾಗೆ ತಿಂಗಳು ತಿಂಗಳೂ ಯಾರು ಬೇಕಾದರೂ ತೆಗೆದು ನೋಡುವಂತೆ ಪ್ರಕಟವಾಗಬೇಕು. ನೇತ್ರಾಣಿಗೆ ಚೌಕಟ್ಟು ಬೇಕೇ ಬೇಡವೇ ಎಂದು ಕಾರವಾರದಲ್ಲಿ ಕೂತು ನಿರ್ಧರಿಸುವವರಿಗೆ ಮೊದಲು ಬೇಕಾದದ್ದು ಆ ಅಂಕಿಗಳು.